ಮುದಿ ಮೋಟಾರಿಗೆ ಒಪ್ಪುವ ಫ್ಯಾನು

ನನ್ನ ಮೊಮ್ಮಗಳು ಕಳ್ಳಂಬೆಳ್ಳದ ಕೆರೆಯಲ್ಲಿ ಮೋಟಾರ್ ದೋಣಿ ಓಡಿಸುತ್ತಾಳೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಪೆನ್ನು ಕೆಳಗಿಟ್ಟು ಕಣ್ಣು ಒರೆಸಿಕೊಂಡೆ. ಮಗಳ ಮಗಳು, ಇಪ್ಪತ್ತನಾಲ್ಕು ವರ್ಷ, ನಾನೇ ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದ ಕೂಸು. ಆ ದೋಣಿ ಇನ್ನೇನು ಅವಳ ಕೈ ತಪ್ಪಿಹೋಗುವುದರಲ್ಲಿತ್ತು. ತಪ್ಪಿಸಲು ಹೊರಟಿದ್ದವಳು ನಾನೇ.

ಎಷ್ಟೋ ವರ್ಷ ನಮ್ಮ ಕೆರೆಯಲ್ಲಿ ನೀರೇ ಇರಲಿಲ್ಲ. ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು, ನಾವು ಸೌದೆಗೆ ಹೋಗುತ್ತಿದ್ದದ್ದೇ ಅಲ್ಲಿಗೆ. ಆಮೇಲೆ ನೀರು ಬಂತು, ಜಾಲಿ ನಿಂತಲ್ಲೇ ಮುಳುಗಿತು, ಮೀನಿನ ಸಂಘದವರು ಮರಿ ಬಿಟ್ಟರು. ಮೀನು ಸಿಕ್ಕುವುದು ಆಚೆ ದಡದಲ್ಲಿ. ಕೊಳ್ಳುವವರ ಲಾರಿ ನಿಲ್ಲುವುದು ಏರಿಯ ಮೇಲೆ, ಅದೂ ಬೆಳಿಗ್ಗೆ ಎಂಟರವರೆಗೆ ಮಾತ್ರ. ತೆಪ್ಪದಲ್ಲಿ ಹುಟ್ಟು ಹಾಕಿಕೊಂಡು ಬರುವಷ್ಟರಲ್ಲಿ ಲಾರಿ ಹೊರಟಿರುತ್ತಿತ್ತು. ಅದಕ್ಕೇ ಸಂಘದವರು ಮಾರಿಕಣಿವೆ ಕಡೆಯಿಂದ ಒಂದು ಹಳೇ ದೋಣಿ, ಅದರ ಹಿಂದೆ ತಗುಲಿಹಾಕುವ ಒಂದು ಹಳೇ ಮೋಟಾರು ತಂದರು. ಓಡಿಸುವವರು ಯಾರು ಎಂದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋದರಮಾವನ ಟ್ರ್ಯಾಕ್ಟರ್ ಓಡಿಸಿ ಅಭ್ಯಾಸವಿದ್ದ ನನ್ನ ಮೊಮ್ಮಗಳು ಎದ್ದು ನಿಂತಳು. ಪೂರ್ತಿ ಲೋಡು ಹೊತ್ತು, ಲಾರಿ ಹೊರಡುವ ಮೊದಲು ಏರಿ ಮುಟ್ಟಿದರೆ ದೋಣಿಯೂ ಇರುತ್ತದೆ, ಕೆಲಸವೂ ಇವಳದೇ. ಇಲ್ಲದಿದ್ದರೆ ದೋಣಿ ಮಾರಿ ಮತ್ತೆ ತೆಪ್ಪಕ್ಕೆ ಹೋಗುವುದು ಎಂದು ಮಾತಾಯಿತು.

ಎರಡನೇ ವಾರವೇ ನೀರಿನಡಿಯ ಜಾಲಿ ಬುಡಕ್ಕೆ ಮೋಟಾರಿನ ಫ್ಯಾನು ಬಡಿಯಿತು. ಫ್ಯಾನು ಎಂದರೆ ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಮೂರು ರೆಕ್ಕೆಯ ಚಕ್ರ. ಒಂದು ರೆಕ್ಕೆ ಮುರಿದು, ಇನ್ನೊಂದು ಕಿವಿಯಂತೆ ಮಡಚಿಕೊಂಡಿತ್ತು. ಅದರ ಮೇಲೆ ಕೊರೆದಿದ್ದ ನಂಬರು ಸವೆದುಹೋಗಿ ಯಾವ ಸೈಜಿನದೆಂದು ತಿಳಿಯುವಂತಿರಲಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ ಅವನೂ ಇನ್ಯಾರಿಂದಲೋ ಕೊಂಡವನು.

ಶಿರಾದಲ್ಲಿ ನಮ್ಮ ಬೋರ್‌ವೆಲ್ ಮೋಟಾರು ಸುಟ್ಟಾಗಲೆಲ್ಲ ಕಟ್ಟಿಕೊಡುವ ಸಾಹೇಬರೊಬ್ಬರಿದ್ದಾರೆ. ಮೊಮ್ಮಗಳು ಮುರಿದ ಫ್ಯಾನನ್ನು ಚೀಲಕ್ಕೆ ಹಾಕಿಕೊಂಡು ಅವರಲ್ಲಿಗೆ ಹೋದಳು. ಅವರು ಫ್ಯಾನಿನ ನಡುತೂತಿನ ಒಳಗಿನ ಹಲ್ಲು ಎಣಿಸಿ, ಮಂಗಳೂರಿನ ಕಡೆ ಯಾರಿಗೋ ಫೋಟೋ ಕಳಿಸಿ, ಹಲ್ಲು ಸರಿಹೊಂದುವ ಎರಡು ಫ್ಯಾನು ತರಿಸಿದರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಬೇಕು. ಆರಿಸುವ ದಿನ ನಾನೂ ಜೊತೆಗೆ ಹೋಗಿದ್ದೆ. ಹೋಗದಿದ್ದರೆ ಚೆನ್ನಾಗಿತ್ತು.

ಎರಡೂ ನನ್ನ ಕಣ್ಣಿಗೆ ಒಂದೇ ಥರ ಕಂಡವು.

"ನೋಡಮ್ಮಾ, ಇದು ಹನ್ನೊಂದು, ಇದು ಒಂಬತ್ತು," ಎಂದರು ಸಾಹೇಬರು.

"ಅಗಲನಾ?" ಎಂದಳು ಮೊಮ್ಮಗಳು.

"ಅಗಲ ಎರಡೂದೂ ಒಂದೇ. ಇದು ಸ್ಕ್ರೂ ಇದ್ದಂಗೆ. ಒಂದು ಸುತ್ತು ತಿರುಗಿದ್ರೆ ಇದು ನೀರಲ್ಲಿ ಹನ್ನೊಂದು ಇಂಚು ಮುಂದಕ್ಕೆ ಹೋಯ್ತದೆ. ಇದು ಒಂಬತ್ತೇ."

"ನಮಗೆ ಯಾವ್ದಾದೀತು?"

"ಮೇರೆಕು ನಹಿ ಮಾಲೂಮ್, ನಂಗೊತ್ತಿಲ್ಲ ಅಮ್ಮಾ. ಬೋರಿನ ಮೋಟಾರ್ ಕೇಳು, ಕಣ್ಣು ಮುಚ್ಕೊಂಡು ಹೇಳ್ತೀನಿ. ಬೋಟು ನಾನು ನೋಡಿರೋದು ಟೀವಿಯಾಗೆ."

ಅವಳು ಒಂದನ್ನು ಎತ್ತಿದಳು, ಇನ್ನೊಂದನ್ನು ಎತ್ತಿದಳು. ನನ್ನ ಕಡೆ ತಿರುಗಿ, "ಅಜ್ಜಿ, ನೀನೇನಂತೀಯೆ?" ಎಂದಳು.

ನಮ್ಮ ಸೀಮೆಯಲ್ಲಿ ಬೋರಿಗೆ ಯಾರೂ ಹೇಳಿದಷ್ಟೇ ಮೋಟಾರು ಇಳಿಸಿದವರಿಲ್ಲ. ಐದು ಎಚ್‌ಪಿ ಸಾಕು ಎಂದರೆ ಏಳೂವರೆ, ಏಳೂವರೆ ಎಂದರೆ ಹತ್ತು. ನೀರು ಪಾತಾಳದಲ್ಲಿ, ಕಮ್ಮಿಯದು ಹಾಕಿದವರ ಪೈಪಿನಲ್ಲಿ ಗಾಳಿಯೇ ಬರುವುದು. ನನ್ನ ಬಾಯಿಗೆ ಅದೇ ಬಂತು.

"ಹನ್ನೊಂದರದೇ ತಗಳವ್ವ. ಕಮ್ಮೀದು ತಗಂಡು ಆಮೇಲೆ ಬಾಯಿ ಬಾಯಿ ಬುಡೋದ್ಯಾಕೆ?"

"ಮೋಟಾರು ಹಳೇದು ಕಣಜ್ಜಿ."

"ಹಳೇದಾದ್ರೇನೇ? ನಾನೂ ಹಳೇಳೇ. ಗೇಯ್ತಾ ಇಲ್ವಾ?"

ಸಾಹೇಬರು ನಕ್ಕರು, ಅವಳೂ ನಕ್ಕಳು. ಹನ್ನೊಂದನ್ನು ಚೀಲಕ್ಕೆ ಹಾಕಿಕೊಂಡೆವು. ಒಂಬತ್ತು ಅದೇ ದಿನ ಮಂಗಳೂರಿಗೆ ವಾಪಸು ಹೋಯಿತು.

ಮಾರನೇ ಬೆಳಿಗ್ಗೆ ಅವಳೊಬ್ಬಳೇ ಕೂತು ದೋಣಿ ಬಿಟ್ಟಾಗ ಅದರ ಓಟ ನೋಡಬೇಕಿತ್ತು. ಮೂತಿ ಮೇಲೆತ್ತಿಕೊಂಡು, ನೀರನ್ನು ಎರಡು ಹೋಳು ಮಾಡಿಕೊಂಡು ಹೋಯಿತು. ನಾನು ಏರಿಯ ಮೇಲೆ ನಿಂತು, ಹಾದುಹೋಗುತ್ತಿದ್ದ ಹಾಲಿನವನನ್ನು ನಿಲ್ಲಿಸಿ, ಫ್ಯಾನು ಆರಿಸಿದ್ದು ನಾನೇ ಎಂದು ಹೇಳಿಕೊಂಡೆ.

ಅದರ ಮಾರನೆಯ ದಿನ ಆಚೆ ದಡದಲ್ಲಿ ಲೋಡು ತುಂಬಿದರು. ಮೀನಿನ ಕ್ರೇಟುಗಳು, ಐಸು, ನೆನೆದ ಬಲೆ, ಬಲೆ ಎಳೆಯುವ ನಾಲ್ಕು ಹೆಂಗಸರು. ಏರಿಯಿಂದ ನೋಡಿದರೆ ದೋಣಿ ಬರುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತಿರಲಿಲ್ಲ. ಮೋಟಾರು ಗಂಟಲು ಬಿಡಲೇ ಇಲ್ಲ. ಉಬ್ಬಸದವರ ಹಾಗೆ ಗೊರಗುಟ್ಟುತ್ತಿತ್ತು, ಹಿಂದೆ ನೀಲಿ ಹೊಗೆ. ಅವಳು ಎಷ್ಟು ತಿರುವಿದರೂ ಶಬ್ದ ಮೇಲಕ್ಕೇರದು. ತೆಪ್ಪದಲ್ಲಿ ಬರುತ್ತಿದ್ದವನೊಬ್ಬ ಪಕ್ಕಕ್ಕೆ ಬಂದು, "ಹಗ್ಗ ಕಟ್ಲೇನವ್ವ, ಎಳ್ಕಂಡೋಯ್ತೀನಿ," ಎಂದದ್ದು ನೀರಿನ ಮೇಲೆ ತೇಲಿ ನನ್ನವರೆಗೂ ಬಂತು. ನಾನೇನು ಮಾಡಲಿ? ಸೆರಗನ್ನು ಬಾಯಿಗಿಟ್ಟುಕೊಂಡು ನಿಂತೆ. ದೋಣಿ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಲಾರಿ ಹೊರಟುಹೋಯಿತು.

ಸಂಘದ ಅಧ್ಯಕ್ಷರು ಕೆಟ್ಟವರಲ್ಲ. ಮೆತ್ತಗೇ ಹೇಳಿದರು: "ಮುಂದಿನ ಸೋಮವಾರ ಇನ್ನೊಂದು ಸಲ ನೋಡಾನ. ಆವತ್ತೂ ಇಂಗೇ ಆದ್ರೆ ಮಾರ್ಬುಡಾನ ಕಣಮ್ಮ. ಬೇಜಾರು ಮಾಡ್ಕಬ್ಯಾಡ."

ಮನೆಗೆ ಬಂದ ಮೇಲೆ ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನನಗೆ ನಮ್ಮ ಮುದಿ ಎತ್ತಿನ ನೆನಪು ಬರುತ್ತಲೇ ಇತ್ತು. ನೇಗಿಲು ಆಳಕ್ಕೆ ಕಚ್ಚಿದರೆ ಅದು ಸಾಲಿನಲ್ಲೇ ನಿಂತುಬಿಡುತ್ತಿತ್ತು, ಎಷ್ಟು ಹೊಡೆದರೂ ಅಷ್ಟೇ. ಯಜಮಾನರು ನೊಗದ ಹಗ್ಗ ಜಗ್ಗಿಸಿ ಕಟ್ಟಿ, ನೇಗಿಲು ಮೇಲುಮೇಲಕ್ಕೆ ಹೋಗುವಂತೆ ಮಾಡಿದರೆ ಸಂಜೆಯವರೆಗೂ ಉಳುತ್ತಿತ್ತು. ಇದೂ ಅಂಥದ್ದೇ ಇರಬಹುದೇ ಎನ್ನಿಸಿತು. ಆದರೆ ಬಾಯಿ ಬರಲಿಲ್ಲ. ಒಂದು ಸಲ ಹೇಳಿ ಇಷ್ಟು ಮಾಡಿಟ್ಟಿದ್ದೇನೆ, ಮೂರನೇ ಕ್ಲಾಸಿನವಳು ನಾನು, ಮತ್ತೆ ಬಾಯಿ ಹಾಕಿ ಇನ್ನೊಂದು ಕೆಡಿಸಲೇ? ಸುಮ್ಮನೆ ಮುದ್ದೆ ತಟ್ಟೆಗೆ ಹಾಕಿದೆ.

ಅವಳು ಮುದ್ದೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಜ್ಜಿ, ಮಾವನ ಟ್ರ್ಯಾಕ್ಟರ್‌ಗೆ ಲೋಡು ತುಂಬ್ಕಂಡು ದಿಣ್ಣೆ ಹತ್ತುವಾಗ ಟಾಪ್ ಗೇರ್ ಹಾಕಿದ್ರೆ ಏನಾಯ್ತದೆ?"

"ನಿಂತೋಯ್ತದೆ."

"ಕಾಲಿ ಗಾಡಿ ಆದ್ರೆ?"

"ಓಡ್ತದೆ."

"ನಾವು ಟಾಪ್ ಗೇರ್ ಕೊಂಡ್ಕಂಡು ಬಂದ್ಬುಟ್ಟಿದ್ದೀವಿ ಕಣಜ್ಜಿ."

ಆಗ ನನ್ನ ಎತ್ತಿನ ಕಥೆ ಹೇಳಿದೆ. ಅವಳು ಸೊಂಟದ ಮೇಲೆ ಎಡಗೈ ಇಟ್ಟುಕೊಂಡು ನನ್ನನ್ನೇ ನೋಡಿದಳು. "ಅದನ್ನ ಬಂದ ತಕ್ಷಣ ಹೇಳಕ್ಕೆ ಏನಾಗಿತ್ತು ನಿಂಗೆ?"

"ಹೆದ್ರಿಕೆ ಕಣೇ," ಎಂದೆ.

ಸಾಹೇಬರಿಗೆ ಫೋನ್ ಹೋಯಿತು. "ಒಂಬತ್ತು ವಾಪಸ್ ಹೋಯ್ತಲ್ಲಮ್ಮಾ," ಎಂದರು. "ಹೇಳ್ತೀನಿ, ತರಿಸ್ತೀನಿ. ಸೋಮವಾರದೊಳಗೆ ಬಂದ್ರೆ ನಿನ್ನ ನಸೀಬು." ಅಲ್ಲಿಂದ ಮುಂದಕ್ಕೆ ನಾವು ಮಾಡುವಂಥದ್ದು ಏನೂ ಇರಲಿಲ್ಲ. ಶಿರಾ ಬಸ್ಸಿನ ಶಬ್ದವಾದರೆ ಅವಳು ಹೊರಗೆ ಹೋಗಿ ನಿಲ್ಲುವಳು, ನಾನು ಅವಳ ಹಿಂದೆ ನಿಲ್ಲುವೆನು. ಬುಧವಾರ ಕಳೆಯಿತು, ಗುರುವಾರ ಕಳೆಯಿತು. ಶನಿವಾರ ನಾನು ಉಪವಾಸವಿದ್ದೆ. ಅದರಿಂದ ಪಾರ್ಸಲ್ ಲಾರಿ ಬೇಗ ಬರುವುದಿಲ್ಲವೆಂದು ನನಗೂ ಗೊತ್ತು, ಆದರೆ ಇನ್ನೇನು ಮಾಡಲು ತೋಚಲಿಲ್ಲ.

ಭಾನುವಾರ ಮಧ್ಯಾಹ್ನ ಸಾಹೇಬರೇ ಸ್ಕೂಟರಿನಲ್ಲಿ ತಂದುಕೊಟ್ಟರು. ಅವಳು ಹನ್ನೊಂದನ್ನು ಬಿಚ್ಚಿ, ಗ್ರೀಸು ಬಳಿದು, ಒಂಬತ್ತನ್ನು ಕೂರಿಸಿದಳು. ಸಾಹೇಬರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು. ನಟ್ಟು ನೀರಿಗೆ ಬೀಳದಂತೆ ಮುಷ್ಟಿಯಲ್ಲಿ ಹಿಡಿದುಕೊಂಡಿರುವುದು, ನನಗೆ ಕೊಟ್ಟ ಕೆಲಸ ಅದೊಂದೇ.

ಸೋಮವಾರ ಬೆಳಿಗ್ಗೆ ನಾನೂ ಕೆರೆ ಸುತ್ತಿ ನಡೆದು ಆಚೆ ದಡಕ್ಕೆ ಹೋಗಿದ್ದೆ. ಅಧ್ಯಕ್ಷರು ಬೈಕಿನಲ್ಲಿ ಸುತ್ತಿಕೊಂಡು ಬಂದು ಲೋಡು ನೋಡಿದರು. ನಾಲ್ಕು ಹೆಂಗಸರಲ್ಲಿ ಒಬ್ಬಳಿಗೆ ಜ್ವರ, ಬಂದಿರಲಿಲ್ಲ.

"ಲೋಡು ಪೂರ್ತಿ ಇರ್ಬೇಕಲ್ಲಮ್ಮ," ಎಂದರು. "ಆಮೇಲೆ ಅವ್ರಿವ್ರು ಮಾತಾಡೋ ಹಂಗಾಗಬಾರ್ದು."

"ನಮ್ಮಜ್ಜಿ ಕೂತ್ಕತಾಳೆ," ಎಂದಳು ಮೊಮ್ಮಗಳು.

"ಅಜ್ಜಿ ಅರ್ಧ ಮೂಟೆ ಕಣೇ, ಪೂರ್ತಿ ಹೆಂಗಾದಾಳು?" ಎಂದು ಬಲೆಯವಳೊಬ್ಬಳು ನಕ್ಕಳು.

"ನನ್ ಕೈಲಾಗಲ್ಲ ಮಗ, ನಂಗೆ ಈಜು ಬರಲ್ಲ," ಎಂದೆ. ಅವಳು ನನ್ನ ಕೊರಳಿಗೆ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿ, ಹೊಟ್ಟೆಯ ಮೇಲೆ ಪಟ್ಟಿ ಬಿಗಿದು, ಮಗುವನ್ನು ಎತ್ತಿದ ಹಾಗೆ ಎತ್ತಿ ಕ್ರೇಟುಗಳ ನಡುವೆ ಕೂರಿಸಿದಳು. ಅಧ್ಯಕ್ಷರು ಬೈಕು ತಿರುಗಿಸಿಕೊಂಡು ಏರಿಯ ಕಡೆ ಹೋದರು.

ಐಸಿನ ನೀರು ಸೀರೆಯೊಳಗೆ ಇಳಿಯಿತು. ಕೆಳಗೆ ಎಷ್ಟು ಆಳವೋ ಎಂದು ನೋಡುವ ಧೈರ್ಯವಾಗಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತೆ. ಅವಳು ನನ್ನನ್ನು ನೋಡಲಿಲ್ಲ. ನೀರು ಎಲ್ಲಿ ಕಪ್ಪಗಿದೆ, ಜಾಲಿ ಎಲ್ಲಿದೆ ಎಂದು ದೂರಕ್ಕೆ ಕಣ್ಣಿಟ್ಟಿದ್ದಳು. ಹಿಡಿ ತಿರುವಿದಳು. ಮೋಟಾರು ಮೊದಲು ಗೊಣಗಿತು. ಆಮೇಲೆ ಅದರ ಗಂಟಲು ಬಿಟ್ಟುಕೊಂಡಿತು. ಶಬ್ದ ಸಣ್ಣಗಾಗುತ್ತ ಮೇಲಕ್ಕೇರಿ, ಏರಿದ್ದು ಅಲ್ಲೇ ನಿಂತಿತು. ಬೆನ್ನಿಗೆ ಏನೋ ಮೆಲ್ಲಗೆ ಒತ್ತಿದಂತಾಯಿತು. ದೋಣಿ ಹೊರಟಿತ್ತು.

ನಡುನೀರಿನಲ್ಲಿ ಒಂದು ಸಲ ಕೆಮ್ಮಿತು. ನಾನು ಆಸರೆಗೆ ತಡಕಾಡಿದೆ. ಕೈಗೆ ಸಿಕ್ಕಿದ್ದು ಒಂದು ದೊಡ್ಡ ಕಾಟ್ಲಾ ಮೀನು, ಅದನ್ನೇ ಅಪ್ಪಿಕೊಂಡೆ. ಬಲೆಯವರು ನಗಲಿಲ್ಲ, ಅವರೂ ಮೋಟಾರನ್ನೇ ನೋಡುತ್ತಿದ್ದರು. ಮೋಟಾರು ಸುಧಾರಿಸಿಕೊಂಡು ಅದೇ ಧ್ವನಿ ಹಿಡಿಯಿತು. ಹೊಗೆ ಇರಲಿಲ್ಲ.

ಏರಿ ಮುಟ್ಟಿದಾಗ ಲಾರಿಯವನು ಟೀ ಕುಡಿಯುತ್ತಿದ್ದ. ಅಧ್ಯಕ್ಷರು ಗಡಿಯಾರ ನೋಡಿದರು, ಲಾರಿ ನೋಡಿದರು.

"ಆವತ್ತು ಕಾಲಿ ಓಡ್ಸಿದಾಗ ಇದ್ದಷ್ಟು ಜೋರಿಲ್ಲ ಬುಡು," ಎಂದರು.

"ಕಾಲಿ ಓಡ್ಸಕ್ಕೆ ನಮಗೆ ದೋಣಿ ಯಾಕಣ್ಣ?" ಎಂದಳು.

ಅವರು ಬಾಗಿ ಕ್ರೇಟುಗಳನ್ನು ಎಣಿಸಿದರು. ಆಮೇಲೆ, "ಆಯ್ತು ಕಣಮ್ಮ. ದೋಣಿ ಇರ್ಲಿ, ನೀನೂ ಇರು," ಎಂದರು.

ಅವಳು ಹಿಗ್ಗಲಿಲ್ಲ, ಕುಣಿಯಲಿಲ್ಲ. ಮೋಟಾರನ್ನು ಮೇಲಕ್ಕೆತ್ತಿ, ಬಾಗಿ, ಮೂರು ರೆಕ್ಕೆಗಳ ಮೇಲೂ ಒಂದೊಂದಾಗಿ ಕೈಯಾಡಿಸಿದಳು. ನನಗೆ ಎದ್ದು ಹೋಗಿ ಅವಳಿಗೆ ನೆಟಿಗೆ ತೆಗೆಯಬೇಕೆನಿಸಿತು. ಕಾಲು ಎರಡೂ ಜೋಮು ಹಿಡಿದು ಮೇಲೇಳಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತು, ಅಳು ತಡೆದರೆ ನಗು ಬರುತ್ತಿತ್ತು. ಲಾರಿಯವನು ಅವಸರ ಮಾಡುತ್ತಿದ್ದ. ಬಲೆಯವರು ನನ್ನ ಸುತ್ತಲ ಕ್ರೇಟುಗಳನ್ನು ಒಂದೊಂದಾಗಿ ಎತ್ತಿಕೊಟ್ಟರು, ಬಲೆ ಎಳೆದರು, ನನ್ನ ಮಡಿಲಲ್ಲಿದ್ದ ಮೀನನ್ನೂ ಕೇಳಿ ಇಸಿದುಕೊಂಡರು. ಹಗುರಾದ ದೋಣಿ ಅಲುಗತೊಡಗಿತು. ನನ್ನೊಬ್ಬಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಇಳಿಯಿತು.