ಬೀಗಿತಿಯನ್ನು ಬೈದ ಹಾಡು

ಮೊಬೈಲ್ ಅಂಗಡಿಗಳನ್ನು ಕಂಡರೆ ನನಗೆ ಈಗಲೂ ಹೇಸಿಗೆ. ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ತಮಿಳುನಾಡಿನ ಪಲ್ಲಡಂ ಬಸ್ ಸ್ಟ್ಯಾಂಡಿನ ಸುತ್ತ ಅವು ನಾಯಿಕೊಡೆಗಳ ಹಾಗೆ ಎದ್ದಿದ್ದವು. ಮೆಮೊರಿ ಕಾರ್ಡ್ ಕೊಟ್ಟು ಟೀ ಕುಡಿದು ಬರುವಷ್ಟರಲ್ಲಿ ಅದರ ತುಂಬ ಹಾಡು. ಯಾರು ಬರೆದದ್ದು, ಯಾರು ಹಾಡಿದ್ದು, ಅವರಿಗೇನು ಸಿಕ್ಕಿತು ಎಂದು ಕೇಳುವವರೇ ಇಲ್ಲ. ಮೈಸೂರಿನಲ್ಲಿ ನಮ್ಮ ತಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದವರು. ಕಳ್ಳ ಕ್ಯಾಸೆಟ್ ಮಾರಲು ಮನಸ್ಸು ಬಾರದೆ, ಮಾರುವವರ ಎದುರು ನಿಲ್ಲಲೂ ಆಗದೆ ಬಾಗಿಲು ಹಾಕಿದರು. ಹಾಗಾಗಿ ಮದುವೆಯಾಗಿ ಪಲ್ಲಡಕ್ಕೆ ಬಂದ ಮೇಲೂ ನನ್ನ ಫೋನಿಗೆ ಕದ್ದ ಹಾಡು ಹಾಕಿಸುವುದಿಲ್ಲ ಎಂದು ಹಟ ಹಿಡಿದಿದ್ದೆ.

ಹಟ ಹಿಡಿಯುವುದು ಸುಲಭ, ಹಾಡು ಕೇಳುವುದು ಕಷ್ಟ. ಫೋನಿನಲ್ಲಿ ಎಫ್.ಎಂ. ಇತ್ತು. ಇಯರ್‌ಫೋನ್ ಸಿಕ್ಕಿಸಿದರೆ ಕೊಯಮತ್ತೂರಿನ ಸ್ಟೇಷನ್ನುಗಳು ಬರುತ್ತಿದ್ದವು, ಕನ್ನಡ ಮಾತ್ರ ಒಂದಕ್ಷರವೂ ಇಲ್ಲ. ಫೋನ್ ಕಂಪೆನಿಯವರು ಮಾರುತ್ತಿದ್ದ ಕಾಲರ್ ಟ್ಯೂನು ನನಗೆ ಫೋನ್ ಮಾಡಿದವರಿಗೆ ಕೇಳಿಸುತ್ತಿತ್ತೇ ಹೊರತು ನನಗಲ್ಲ. ಕೊಯಮತ್ತೂರಿನ ಗಾಂಧಿಪುರದ ದೊಡ್ಡ ಅಂಗಡಿಯೊಂದರಲ್ಲಿ ಕನ್ನಡದ ಒರಿಜಿನಲ್ ಸಿ.ಡಿ. ಕೇಳಿದರೆ ಅಲ್ಲಿಯ ಹುಡುಗಿ ತೆಲುಗಿನದನ್ನು ತಂದುಕೊಟ್ಟಳು. ಕೊನೆಗೆ ತವರಿಗೆ ಹೋದಾಗ ಸಿ.ಡಿ. ಕೊಂಡು ತಂದು, ಕಂಪ್ಯೂಟರಿಗೆ ಹಾಕಿ, ಕೇಬಲ್ ಹಿಡಿದು ಫೋನಿಗೆ ಇಳಿಸಿಕೊಳ್ಳುತ್ತಿದ್ದೆ. ಪವರ್‌ಲೂಮ್ ಶೆಡ್ ನಡೆಸುತ್ತಿದ್ದ ನನ್ನ ಗಂಡನಿಗೆ ಇದೆಲ್ಲ ತಮಾಷೆ. “ಬಿಲ್ಲು ಇಟ್ಕೊಂಡು ಪಾಟ್ಟು ಕೇಳ್ತಾಳೆ ನನ್ ಹೆಂಡ್ತಿ” ಎಂದು ಶೆಡ್ಡಿನವರ ಮುಂದೆಲ್ಲ ನಗುತ್ತಿದ್ದರು.

ಗಂಡನ ಮನೆಯವರು ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಕನ್ನಡ ಓದಲು ಒಬ್ಬರಿಗೂ ಬಾರದು. ಆದರೆ ಅತ್ತೆಯ ಬಾಯಲ್ಲಿ ಹಾಡುಗಳಿದ್ದವು. ಅವರಲ್ಲೊಂದು ಪದ್ಧತಿ: ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಬೀಗಿತಿಯನ್ನು ಹಾಡಿನಲ್ಲಿ ಬೈಯಬೇಕು, ಅವಳು ಎದ್ದು ಹಾಡಿನಲ್ಲೇ ತಿರುಗಿ ಬೈಯಬೇಕು. ಬೈಯದಿದ್ದರೆ ಅದೇ ಅವಮಾನ. ನಾದಿನಿಯನ್ನು ಕಾಂಗೇಯಂನ ಒಂದು ತೆಂಗಿನೆಣ್ಣೆ ಮಿಲ್ಲಿನ ಮನೆಗೆ ಕೊಟ್ಟಾಗ ಆ ಹಾಡನ್ನು ಫೋನಿನಲ್ಲಿ ಹಿಡಿದುಕೊಳ್ಳಲೇ ಎಂದು ಅತ್ತೆಯನ್ನು ಮೊದಲೇ ಕೇಳಿದ್ದೆ.

“ಯಾತಕ್ಕಮ್ಮಾ ಅದು?” ಎಂದರು.

“ಮನೇಲಿ ಕೇಳೋಕೆ, ಅತ್ತೆ.”

“ಮನೇಲಿ ಅಂದ್ರೆ ಶರಿ. ಆಚೆಗೆ ಬೇಡ.”

ಸಿ.ಡಿ.ಗಳ ಹಿಂದೆ ಸಣ್ಣಕ್ಷರದಲ್ಲಿ ಮುದ್ರಿಸಿದ ಯಾವ ಷರತ್ತೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಬೀಗಿತಿಯನ್ನೂ ಕೇಳಿದೆ, ನಕ್ಕು ತಲೆಯಾಡಿಸಿದರು. ಊಟದ ಎಲೆ ಎತ್ತಿದ ಮೇಲೆ ಇಬ್ಬರೂ ಎದುರುಬದುರು ಚಾಪೆಯ ಮೇಲೆ ಕುಳಿತರು. ನಾನು ಫೋನ್ ಹಿಡಿದೆ, ಅತ್ತೆ ಶುರುಮಾಡಿದರು.

ಕಾಂಗೇಯದಿಂದ ಬಂದ್ಳು ನಮ್ಮ ಬೀಗ್ತಿ
ಎಣ್ಣೆ ಮಿಲ್ಲಿನ ಬೀಗ್ತಿ
ಮಿಲ್ಲಿನ ಎಣ್ಣೆ ಮಾರಿಕೊಂಡು
ತಲೆಗೆ ನೀರು ಸವರೋ ಬೀಗ್ತಿ

ಬೀಗಿತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕರು. ಆಮೇಲೆ ಎದ್ದು ನಿಂತು ಅತ್ತೆಯ ಅಡುಗೆಯನ್ನೂ ಸೊಂಟವನ್ನೂ ಹಾಡಿನಲ್ಲಿ ಹರಿದುಹಾಕಿದರು. ಗಂಡಸರು ಯಾರೂ ಅತ್ತ ಸುಳಿಯಲಿಲ್ಲ, ಸುಳಿಯಬಾರದು. ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ನಾನು ಅದನ್ನು ಹಾಕಿಕೊಳ್ಳುತ್ತಿದ್ದೆ, ಅತ್ತೆ ತಮ್ಮ ದನಿಗೆ ತಾವೇ ನಾಚುತ್ತಿದ್ದರು. ನನ್ನ ಫೋನಿನಲ್ಲಿದ್ದ ಹಾಡುಗಳಲ್ಲಿ ಹಾಡಿದವರನ್ನೇ ಕೇಳಿ ಪಡೆದದ್ದು ಅದೊಂದೇ.

ಒಂದು ಭಾನುವಾರ ನನ್ನ ಗಂಡ ನನ್ನ ಫೋನ್ ಒಯ್ದು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿನಿಮಾ ಹಾಡು ತುಂಬಿಸಿ ತಂದರು. ನನಗೆ ಖುಷಿಯಾಗಲಿ ಅಂತಂತೆ. ನಾನು ಜಗಳವಾಡಿ ಅಷ್ಟನ್ನೂ ಅಳಿಸಿದೆ. ಅಂಗಡಿಯವನು ಹಾಡು ತುಂಬುವ ಮೊದಲು ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ತನ್ನ ಕಂಪ್ಯೂಟರಿಗೆ ಎಳೆದುಕೊಂಡಿದ್ದ ಎಂದು ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ತಿರುಪ್ಪೂರಿನ ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಯಾರದೋ ಫೋನ್ ರಿಂಗಾಯಿತು, ಅತ್ತೆಯ ದನಿ ಬಂತು. ದನಿಯ ಕೆಳಗೆ ಡಿಸ್ಕೋ ಡೋಲು ಬಡಿಯುತ್ತಿತ್ತು, ಎರಡು ಸಾಲಿಗೊಮ್ಮೆ ಗಂಡಸೊಬ್ಬ ಪಲ್ಲಡದ ಅದೇ ಅಂಗಡಿಯ ಹೆಸರು ಕೂಗುತ್ತಿದ್ದ. ಪಕ್ಕದವನು ತನಗೂ ಬ್ಲೂಟೂತ್‌ನಲ್ಲಿ ಕಳಿಸು ಎಂದ. ನಮ್ಮತ್ತೆಯನ್ನು ಸೀರೆ ಹಿಡಿದು ಆ ಬಸ್ಸಿಗೆ ಎಳೆದು ತಂದಿದ್ದರೂ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ.

ಇಳಿದವಳೇ ವಾಪಸ್ ಬಸ್ ಹತ್ತಿ ಆ ಅಂಗಡಿಗೆ ಹೋದೆ. ಅಂಗಡಿಯವನದು ಎಣ್ಣೆ ಹಚ್ಚಿ ಬಾಚಿದ ತಲೆ, ಹಣೆಗೆ ವಿಭೂತಿ, ಬಾಯಲ್ಲಿ ಬೆಣ್ಣೆ. “ಏನುಂಗಕ್ಕಾ” ಎಂದು ಮರ್ಯಾದೆಯಿಂದಲೇ ಮಾತು ತೆಗೆದ. ಆ ಹಾಡು ಯಾರನ್ನು ಕೇಳಿ ತೆಗೆದುಕೊಂಡೆ ಎಂದೆ. ಅವನು ತಮಿಳಿನಲ್ಲಿ ನನಗೇ ಪಾಠ ಹೇಳಿದ:

“ಸಿನಿಮಾ ಪಾಟ್ಟಾದರೆ ಕಂಪೆನಿ ಇದೆ, ಪೊಲೀಸ್ ಬರ್ತಾರೆ ಅಂತ ಭಯ. ಇದಕ್ಕೆ ಕಂಪೆನಿ ಇಲ್ಲ, ಯಾರದೂ ಅಲ್ಲ. ನಮ್ಮ ಅಂಗಡಿಯಲ್ಲಿರೋ ಒಂದೇ ಲೀಗಲ್ ಪಾಟ್ಟು ಇದು ಅಕ್ಕಾ.”

ನನ್ನೆದುರೇ ಅಳಿಸಿದ. ಅಳಿಸಿ ಏನು ಬಂತು, ಅದು ಆಗಲೇ ಊರು ಬಿಟ್ಟು ಹೋಗಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಮೊದಲು ನಕ್ಕರು. “ಅಮ್ಮ ಫೇಮಸ್ ಆದ್ರಲ್ಲ, ಬಿಡು” ಎಂದರು. ಆ ದಿನ ಅವರ ಮುಖ ನೋಡಲೂ ನನಗೆ ಮನಸ್ಸಾಗಲಿಲ್ಲ.

ಸ್ವಲ್ಪ ದಿನಕ್ಕೆ ಕಾಂಗೇಯದಿಂದ ನಾದಿನಿ ಫೋನ್ ಮಾಡಿದಳು. ಅತ್ತಿಗೆಯಾದ ನನ್ನನ್ನು ಅವಳು ಅಣ್ಣಿ ಎನ್ನುತ್ತಿದ್ದಳು. ಕೊಬ್ಬರಿ ಒಣಗಿಸುವ ಕಳಕ್ಕೆ ಅವಳ ಅತ್ತೆ ಕಾಲಿಟ್ಟರೆ ಸಾಕು, ಲೋಡು ಹೊರುವವರಲ್ಲಿ ಒಬ್ಬ ಆ ಹಾಡು ಹಾಕುತ್ತಾನಂತೆ. ಕನ್ನಡ ಪೂರ್ತಿ ತಿಳಿಯದಿದ್ದರೂ ಎಣ್ಣೆ, ಮಿಲ್ಲು, ತಲೆ, ನೀರು ಯಾರಿಗೆ ತಿಳಿಯುವುದಿಲ್ಲ? “ಅವರು ಕಳಕ್ಕೆ ಹೋಗೋದೇ ಬಿಟ್ರು ಅಣ್ಣಿ. ನನ್ ಕೂಡ ಏನೂ ಹೇಳಲ್ಲ. ಬೈದಿದ್ರೆ ಎಷ್ಟೋ ಶರಿ ಇತ್ತು” ಎಂದಳು. ಅವಳಿಗೆ ಆಗ ಐದು ತಿಂಗಳು.

ನಾನು ಅತ್ತೆಗೆ ಎಲ್ಲ ಹೇಳಿದೆ. ಅವರು ಮಗನ ಕಡೆ ಒಮ್ಮೆ ನೋಡಿದರು ಅಷ್ಟೆ.

ನಾದಿನಿಗೆ ಬಳೆ ತೊಡಿಸುವ ಶಾಸ್ತ್ರಕ್ಕೆ ನಾವೆಲ್ಲ ಕಾಂಗೇಯಕ್ಕೆ ಹೋದೆವು. ಆ ದಿನವೂ ಬೈಯುವ ಹಾಡು ಇರಬೇಕು. ಬಳೆ ತೊಡಿಸಿದ ಮೇಲೆ ಹೆಂಗಸರು ಸುತ್ತ ಕುಳಿತರು. ಬೀಗಿತಿ ರೇಷ್ಮೆ ಸೀರೆ ಸರಿಮಾಡಿಕೊಂಡು ಅತ್ತೆಯ ಎದುರಿಗೇ ಬಂದು ಕುಳಿತರು, ಗಲ್ಲ ಸ್ವಲ್ಪ ಮೇಲೆತ್ತಿ. ಬೈಸಿಕೊಳ್ಳಲೆಂದೇ ಕುಳಿತಿದ್ದಾರೆ ಎಂದು ನನಗೆ ತಿಳಿಯಿತು. ನಾದಿನಿ ಬಳೆ ತುಂಬಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಾಯಿಯ ಬಾಯನ್ನೇ ನೋಡುತ್ತಿದ್ದಳು.

ಅತ್ತೆ ಕೋಣೆಯನ್ನೊಮ್ಮೆ ನೋಡಿದರು. ಎಲ್ಲ ಹುಡುಗಿಯರ ಕೈಯಲ್ಲೂ ಫೋನ್ ಇತ್ತು. ಅವರು ಕಣ್ಣು ಮುಚ್ಚಿ ಕೈಮುಗಿದು ದೇವರ ಮೇಲೆ ಎರಡು ಸಾಲು ಹಾಡಿ ನಿಲ್ಲಿಸಿದರು.

“ಅಷ್ಟೇನಾ?” ಎಂದರು ಬೀಗಿತಿ.

“ಅಷ್ಟೇ. ನಿಮ್ಮನ್ನ ಅನ್ನೋಕೆ ನಾನ್ಯಾರು” ಎಂದರು ಅತ್ತೆ.

ಹೊರಗಿನವರಿಗೆ ಹೇಳುವ ಮಾತು ಅದು. ಬೀಗಿತಿ ಎದ್ದು, ಎಲೆ ಹಾಕಲು ಹೇಳುತ್ತೇನೆಂದು ಒಳಗೆ ಹೋದರು.