ಸೂಜಿ ಬೇಡವೆಂದ ಡಾಕ್ಟರಮ್ಮ

ನಮ್ಮ ಡಾಕ್ಟರಮ್ಮನ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಒಳಗೊಂದು ಒಣ ನೆಲ್ಲಿಕಾಯಿ ಚೂರು. ಅದನ್ನು ಅತ್ತಿತ್ತ ಸರಿಸುತ್ತಲೇ ರೋಗಿಗಳನ್ನು ಬೈಯುತ್ತಿದ್ದರು. ಪುಣೆಯ ಕೋಥರೂಡದಲ್ಲಿ ದಿನವಿಡೀ ಮರಾಠಿ ಮಾತಾಡಿದರೂ ನಮ್ಮಂಥ ಕನ್ನಡದವರು ಸಿಕ್ಕರೆ ಬೈಗುಳ ಅಪ್ಪಟ ವಿಜಯಪುರದ್ದು.

ಮಗಳು ಹುಟ್ಟಿ ಮೂರು ತಿಂಗಳಾದರೂ ನನಗೆ ರಕ್ತಸ್ರಾವ ನಿಂತಿರಲಿಲ್ಲ. ಬಾಣಂತಿಗೆ ಇದ್ದದ್ದೇ ಎಂದಳು ಅವ್ವ. ಕೆಮ್ಮು ಶುರುವಾದಾಗ, ತಲೆಗೆ ಬಟ್ಟೆ ಕಟ್ಟಿಕೊಳ್ಳದ್ದಕ್ಕೆ ಶೀತವಾಯಿತೆಂದು ರೇಗಿದಳು. ಕೆಮ್ಮಿನಲ್ಲಿ ರಕ್ತ ಬಂತು. ಎದೆಯ ಡಾಕ್ಟರು ಎಕ್ಸ್‌ರೇಯಲ್ಲಿ ಗುಂಡನೆಯ ಕಲೆಗಳನ್ನು ಕಂಡು ಟಿ.ಬಿ. ಮಾತ್ರೆ ಕೊಟ್ಟರು. ಗುಣ ಕಾಣದಾಗ ಶ್ವಾಸಕೋಶಕ್ಕೆ ಸೂಜಿ ಹಾಕಿ ಚೂರು ತೆಗೆದು ನೋಡೋಣವೆಂದರು. ಗಾಬರಿಯಾದ ನನ್ನ ಗಂಡ ನನ್ನನ್ನು ಡಾಕ್ಟರಮ್ಮನ ಬಳಿ ಕರೆದೊಯ್ದರು.

"ಕೆಮ್ಮ ಆಮ್ಯಾಲ ಹೇಳು. ಹೆರಿಗಿ ಆದಮ್ಯಾಲ ರಕ್ತ ಹೋಗೂದು ನಿಂತದೇನು?" ಎಂದು ಕೇಳಿದವರು ಅವರೊಬ್ಬರೇ. ನಿಂತಿಲ್ಲವೆಂದೆ. ತಕ್ಷಣ ಬಸಿರಿನ ಪರೀಕ್ಷೆ ಬರೆದರು.

ಅವ್ವನಿಗೆ ಸಿಟ್ಟೇ ಬಂತು. "ಬಾಣಂತಿಗೆ ಎಂಥಾ ಬಸಿರ್ರಿ? ಮಂದಿ ಏನಂದಾರು?"

"ಮಂದಿಗೆ ನಾ ಉತ್ತರ ಕೊಡ್ತೀನಿ. ಮೊದಲ ರಕ್ತ ಕೊಡ್ಲಿ."

ಬಸಿರಿನ ಅಂಶ ರಕ್ತದಲ್ಲಿ ವಿಪರೀತ ಏರಿತ್ತು. ಸ್ಕ್ಯಾನಿನಲ್ಲಿ ಕೂಸಿರಲಿಲ್ಲ. ಡಾಕ್ಟರಮ್ಮ ಎದೆಯ ಡಾಕ್ಟರಿಗೆ ಫೋನು ಹಚ್ಚಿ, ಸೂಜಿ ಮುಟ್ಟಿಸಿದರೆ ರಕ್ತ ನಿಲ್ಲುವುದಿಲ್ಲವೆಂದು ಮರಾಠಿಯಲ್ಲೇ ತಡೆದರು. ಆಮೇಲೆ ನನ್ನತ್ತ ತಿರುಗಿದರು. "ಹೆರಿಗ್ಯಾಗ ಕೂಸಿನ ಹಿಂದ ಬೀಳೂ ಮಾಸಿನಿಂದ ಹುಟ್ಟಿದ ಕ್ಯಾನ್ಸರ್. ಪುಪ್ಪುಸಕ್ಕ ಹೋಗ್ಯದ. ಭಾಳ ಅಪರೂಪದ್ದು, ಆದ್ರ ಔಷಧಕ್ಕ ಬಗ್ಗತದ. ಬಗ್ಗಸೂಣು."

ಕೂಸಿಗೆ ಹಾಲು ಬಿಡಿಸಬೇಕೆಂದಾಗ ನಾನು ಗೋಳೋ ಎಂದು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. "ಬಾಟ್ಲಿ ಹಾಲು ಕುಡದು ಬೆಳೀತದ. ಅವ್ವ ಇಲ್ದ ಬೆಳೀಬಾರದು."

ಕ್ಯಾನ್ಸರ್ ವಾರ್ಡಿಗೆ ಸೇರಿಸಿದ್ದೂ ಅವರೇ. ಸಂಜೆ ತಮ್ಮ ದವಾಖಾನೆ ಮುಗಿಸಿ ಬಂದು ನನ್ನ ರಕ್ತದಲ್ಲಿ ಆ ಬಸಿರಿನ ಅಂಶದ ಅಂಕಿ ಇಳಿದದ್ದನ್ನು ನೋಡಿಯೇ ಮನೆಗೆ ಹೋಗುತ್ತಿದ್ದರು. ನನ್ನ ಕೂದಲೆಲ್ಲ ಉದುರಿತು. ಅಂಕಿ ಸರಿಹೋದ ದಿನವೇ ಅವ್ವ ಕೂಸಿನ ಹುಟ್ಟುಗೂದಲು ತೆಗೆಸುವ ಜವಳಕ್ಕೆ ಮುಹೂರ್ತ ಇಡಿಸಿದಳು. ಊರಿಗೆ ಹೋಗುತ್ತೇನೆ, ಔಷಧ ಸಾಕು ಎಂದು ನಾನೂ ಹಟ ಹಿಡಿದೆ.

"ಅವ್ವಂದು ಜವಳ ಆಗೇದಲಾ, ಮಗಳದ್ದು ತಡಾ ಆಗ್ಲಿ," ಎಂದು ಡಾಕ್ಟರಮ್ಮ ನಕ್ಕರು. ಮರುಕ್ಷಣವೇ ಮುಖ ಗಂಟಾಯಿತು. "ಕಣ್ಣಿಗೆ ಕಾಣದ್ದು ಒಳಗ ಇನ್ನೂ ಕುಂತಿರತದ. ಔಷಧ ಮುಗಿಯೂತನಕ ಪುಣೆ ಬಿಟ್ಟು ಹೆಜ್ಜಿ ಇಡಬ್ಯಾಡ." ಆ ದಿನ ಅವರನ್ನು ಮನಸಾರೆ ಶಪಿಸಿದೆ. ಆದರೆ ಔಷಧ ಪೂರ್ತಿ ಮಾಡಿದೆ.

ಹೋದ ವರ್ಷ ಹೃದಯಾಘಾತದಿಂದ ಅವರು ತೀರಿಕೊಂಡರು. ಸುದ್ದಿ ತಿಳಿದೊಡನೆ ಮಗಳನ್ನು ಶಾಲೆಯಿಂದ ಕರೆದುಕೊಂಡು ನೇರವಾಗಿ ಅವರ ಮನೆಗೆ ಹೋದೆ. "ಇವ್ರು ಯಾರವ್ವಾ?" ಎಂದು ಮಗಳು ಅಲ್ಲಿ ಮಲಗಿಸಿದ್ದ ದೇಹ ನೋಡಿ ಪಿಸುಗುಟ್ಟಿದಳು.

"ನಿನ್ನ ತಬ್ಬಲಿ ಆಗಾಕ ಬಿಡದಾಕಿ," ಎಂದೆ.

ಅವಳು ಒಂದು ಕೈಯಲ್ಲಿ ನನ್ನ ಸೆರಗು ಬಿಗಿಯಾಗಿ ಹಿಡಿದು, ಇನ್ನೊಂದರಿಂದ ಅವರ ಪಾದ ಮುಟ್ಟಿದಳು.