ಹುಳಿಗೆ ಬಿದ್ದ ಹೂವಿನ ಗೆಡ್ಡೆ

ಕುಂಡದಲ್ಲಿ ನೆಡಲು ಸೊಸೆ ಇವತ್ತು ಸುಗಂಧರಾಜದ ಗೆಡ್ಡೆ ತಂದು ಅಡುಗೆಮನೆಯಲ್ಲಿಟ್ಟಳು. ನೋಡಿದ್ದೇ ನನ್ನ ಬೆನ್ನು ಚುರ್ರೆಂದಿತು.

ನಾನು ಚಿಕ್ಕವಳಿದ್ದಾಗ ಲಕ್ಷ್ಮೀಪುರಂ ಮನೆಯ ಹಿತ್ತಿಲಲ್ಲಿ ಅಮ್ಮ ಹೂದಾನಿಗೆಂದೇ ಸುಗಂಧರಾಜ ಬೆಳೆಯುತ್ತಿದ್ದಳು. ಅಗೆದ ಗೆಡ್ಡೆ ಒಂದು ಮೊರದಲ್ಲಿ ಒಣಗುತ್ತಿತ್ತು, ಪಕ್ಕದ ಮೊರದಲ್ಲಿ ಸಣ್ಣ ಈರುಳ್ಳಿ. "ಗೆಡ್ಡೆ ವಿಷ ಕಣೇ, ಮುಟ್ಬೇಡ" ಎನ್ನುತ್ತಿದ್ದಳು.

ಒಂದು ದಿನ ಹುಳಿಗೆ ಈರುಳ್ಳಿ ಸುಲಿದುಕೊಟ್ಟವಳು ನಾನು. ಅಪ್ಪ ಊಟಕ್ಕೆ ಕುಳಿತಾಗ ಅಮ್ಮ, "ನನ್ ಹೂವಿನ್ ಗೆಡ್ಡೆ ಕಮ್ಮಿಯಾಗಿದೆ, ಇಲಿ ಎಳ್ಕೊಂಡೋಯ್ತಾ?" ಎಂದಳು. ಸುಲಿದದ್ದು ಯಾವ ಮೊರದಿಂದ ಎಂದು ಆಗ ಹೊಳೆಯಿತು. ಅಪ್ಪ ಆಗಲೇ ಎರಡನೆಯ ತುತ್ತು ಎತ್ತಿದ್ದರು. ಓಡಿಹೋಗಿ ತಟ್ಟೆಯನ್ನೂ ಹುಳಿಯ ಪಾತ್ರೆಯನ್ನೂ ಒದ್ದುಬಿಟ್ಟೆ.

"ಅನ್ನ ಒದೀತೀಯೇನೇ!" ಎಂದು ಅಪ್ಪ ಬೆನ್ನಿಗೆ ಬಾರಿಸಿದರು. ಇಷ್ಟು ಜೋರಾಗಿ ಹೊಡೆಯುವವರು ಸಾಯುವುದಿಲ್ಲ ಎಂದು ಅಳುತ್ತಲೇ ಧೈರ್ಯ ತಂದುಕೊಂಡೆ.

ಸೊಸೆ ತಂದ ಗೆಡ್ಡೆಯ ಚೀಲವನ್ನು ಬಾಲ್ಕನಿಗೆ ಒಯ್ದಿಟ್ಟೆ. "ಯಾಕತ್ತೆ?" ಎಂದಳು ಸೊಸೆ. ಅಮ್ಮನಿಗೇ ಹೇಳದ್ದನ್ನು ಇವಳಿಗೆ ಹೇಗೆ ಹೇಳಲಿ?